ದಾವೆಯ ಕಾಗದವೂ ಪಕ್ಷಕಾರನ ಭಾಷೆಯೂ

ದಿವಾಣಿ ದಾವೆಯಲ್ಲಿ ಸೋತು ಊರಿಗೆ ಮರಳಿದವನು ಸಾಮಾನ್ಯವಾಗಿ ಮೂರು ಕಾರಣಗಳನ್ನು ಹೇಳುವನು: ಸಾಕ್ಷಿಯು ತಿರುಗಿಬಿದ್ದನು, ವಕೀಲನು ಮನಸ್ಸಿಟ್ಟು ಮಾತಾಡಲಿಲ್ಲ, ದೈವವು ಒಲಿಯಲಿಲ್ಲ. ನಾಲ್ಕನೆಯದೊಂದು ಕಾರಣವುಂಟು. ಅದನ್ನು ಹೇಳುವವರು ವಿರಳ, ಯಾಕಂದರೆ ಅದು ಅವರಿಗೆ ಗೊತ್ತೇ ಇರುವದಿಲ್ಲ. ದಾವೆಯ ಮೊದಲನೆಯ ದಿನ ತಮ್ಮ ಸಹಿಯಿಂದಲೋ ಹೆಬ್ಬೆಟ್ಟಿನಿಂದಲೋ ಕೋರ್ಟಿಗೆ ಹೋದ ಕಾಗದದಲ್ಲಿಯೇ ಅವರ ಸೋಲು ಬರೆದಿರುತ್ತದೆ. ಆ ಕಾಗದದ ವಿಷಯವಾಗಿ ನಮ್ಮ ವಾಚಕರೊಡನೆ ಇಂದು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

ದಿವಾಣಿ ಕೋರ್ಟಿನ ಕೆಲಸವು ಬಾಯಿಮಾತಿನಿಂದ ಆರಂಭವಾಗುವದಿಲ್ಲ, ಬರಹದಿಂದ ಆರಂಭವಾಗುವದು. ತನ್ನ ಹಕ್ಕೇನು, ಅದಕ್ಕೆ ಬಂದ ಬಾಧೆಯೇನು, ತನಗೆ ಬೇಕಾದ ಪರಿಹಾರವೇನು ಎಂಬದನ್ನು ವಾದಿಯು ಬರೆದು ಕೊಡುವ ಕಾಗದಕ್ಕೆ ಫಿರ್ಯಾದಿಯೆಂದೂ ದಾವಾಪತ್ರವೆಂದೂ ಹೆಸರು. ಅದಕ್ಕೆ ಪ್ರತಿವಾದಿಯು ಬರೆದು ಕೊಡುವ ಉತ್ತರಕ್ಕೆ ಕೈಫಿಯತ್ತೆಂದು ಹೆಸರು. ಲಿಖಿತ ವಾದವೆಂದರೆ ಇವೆರಡೇ ಎಂದು 1908ರ ದಿವಾಣಿ ವ್ಯವಹಾರ ಸಂಹಿತೆಯ ಆರನೆಯ ಆದೇಶವು ಹೇಳುತ್ತದೆ. ಒಬ್ಬನು ಹೌದೆಂದದ್ದನ್ನು ಇನ್ನೊಬ್ಬನು ಅಲ್ಲವೆಂದ ಕಡೆಯಲ್ಲಿ ಮುದ್ದೆ ಹುಟ್ಟುವದು. ಮುದ್ದೆಯ ಮೇಲೆ ಸಾಕ್ಷ್ಯ, ಸಾಕ್ಷ್ಯದ ಮೇಲೆ ತೀರ್ಪು, ತೀರ್ಪಿನ ಮೇಲೆ ಹುಕುಮನಾಮೆ. ಕಾಗದದಲ್ಲಿ ಇಲ್ಲದ ಮಾತಿಗೆ ಮುದ್ದೆಯಿಲ್ಲ. ಮುದ್ದೆಯಿಲ್ಲದ ಮಾತಿಗೆ ಸಾಕ್ಷ್ಯವಿಲ್ಲ. ವಾದದಲ್ಲಿ ಎತ್ತದೆ ಇದ್ದ ಸಂಗತಿಯ ಮೇಲೆ ಎಷ್ಟು ಸಾಕ್ಷ್ಯ ತಂದರೂ ಅದನ್ನು ನೋಡಲಾಗದೆಂಬ ಪ್ರಿವ್ಹಿ ಕೌನ್ಸಿಲಿನ ನಿರ್ಣಯವು 1930ರ ವರದಿಗಳಲ್ಲಿ ಅಚ್ಚಾಗಿದೆ. ಪ್ರಿವ್ಹಿ ಕೌನ್ಸಿಲು ಹೋಯಿತು, ಪರರಾಜ್ಯವೂ ಹೋಯಿತು. ಆ ನಿಯಮವು ಮಾತ್ರ ಇಂದಿಗೂ ನಿಂತಿದೆ.

ಬೆಳಗಾವಿ ಜಿಲ್ಹೆಯ ಸವದತ್ತಿ ತಾಲೂಕಿನ ಸಿರಸಂಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುವಾ. ಕಾಳಿಕಾದೇವಿಯ ಕ್ಷೇತ್ರವೆಂದೂ ದೇಸಗತಿಯ ಊರೆಂದೂ ಪ್ರಸಿದ್ಧವಾದ ಈ ಗ್ರಾಮಕ್ಕೆ ಬರಹದ ಬೆಲೆಯನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಆ ದೇಸಗತಿಗೆ ದತ್ತಕ ಬಂದ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಪತ್ತನ್ನು ಸಮಾಜದ ವಿದ್ಯಾವೃದ್ಧಿಗೆ ಮೀಸಲಿಟ್ಟದ್ದು ಬಾಯಿಮಾತಿನಿಂದಲ್ಲ, ಮೃತ್ಯುಪತ್ರದಿಂದ. ಆ ಇಚ್ಛೆಯು ಅವರ ಬಾಯಲ್ಲಿಯೇ ಉಳಿದಿದ್ದರೆ ಅವರೊಡನೆಯೇ ಮಣ್ಣಾಗುತ್ತಿದ್ದಿತು. ಕಾಗದಕ್ಕೆ ಇಳಿದದ್ದರಿಂದ ಅವರು ಕಣ್ಣಿನಿಂದ ಕಾಣದ ಎಷ್ಟೋ ಮಕ್ಕಳಿಗೆ ಅದು ಅನ್ನವೂ ಅಕ್ಷರವೂ ಆಯಿತು. ತನ್ನ ಮನಸ್ಸಿನಲ್ಲಿ ಇದ್ದದ್ದೇ ಕಾಗದದಲ್ಲಿ ಇರುವಂತೆ ನೋಡಿಕೊಳ್ಳುವದು ಎಂಥ ದೊಡ್ಡ ಕೆಲಸವೆಂಬದಕ್ಕೆ ಈ ಊರು ತಾನೇ ಸಾಕ್ಷಿಯಾಗಿದೆ. ಹೀಗಿರುವಲ್ಲಿ ಅದೇ ಊರಿನ ಒಕ್ಕಲಿಗನು ಸವದತ್ತಿಯ ಕೋರ್ಟಿಗೆ ಹೋದಾಗ ತನ್ನ ಹೆಸರಿನಲ್ಲಿ ಬರೆದ ಕಾಗದವನ್ನು ತಾನು ತಿಳಿಯದೆ ಸಹಿ ಮಾಡುವದು ವಿಚಿತ್ರವಲ್ಲವೆ?

ಈ ಅಜ್ಞಾನದಿಂದ ಏನಾಗುವದೆಂಬದನ್ನು ಒಂದು ಕಲ್ಪಿತ ದೃಷ್ಟಾಂತದಿಂದ ತೋರಿಸುವೆವು. ಒಬ್ಬ ರೈತನಿಗೆ ನಾಲ್ಕು ಎಕರೆ ಇಪ್ಪತ್ತು ಗುಂಟೆ ಎರಿಹೊಲವಿದೆಯೆನ್ನೋಣ. ಮೂಡಣ ಬದಿಯ ದಾಯಾದಿಯು ಬದುವನ್ನು ಮುರಿದು ಹನ್ನೆರಡು ಗುಂಟೆ ಒತ್ತಿಕೊಂಡು ಎರಡು ವರ್ಷ ಬಿತ್ತಿ ಬೆಳೆದಿದ್ದಾನೆ. ರೈತನು ಉತಾರವನ್ನೂ ಖರೀದಿಪತ್ರವನ್ನೂ ಚೀಲದಲ್ಲಿ ಹಾಕಿಕೊಂಡು ವಕೀಲರಲ್ಲಿಗೆ ಹೋಗುವನು. ಅಲ್ಲಿ ಗುಮಾಸ್ತನು ಹಿಂದಿನ ಯಾವುದೋ ದಾವೆಯ ಮಾದರಿಯನ್ನು ಮುಂದಿಟ್ಟುಕೊಂಡು ಹೆಸರನ್ನೂ ಚಕ್ಕುಬಂದಿಯನ್ನೂ ಬದಲಿಸಿ ಮನಾಯಿ ಹುಕುಮಿನ ದಾವೆಯನ್ನು ತಯಾರಿಸುವನು. ಅದರಲ್ಲಿ ಮಾಮೂಲಿನಂತೆ ‘ಸದರಹು ಜಮೀನು ಪೂರ್ತಿಯಾಗಿ ವಾದಿಯ ಕಬ್ಜಾ ವಹಿವಾಟಿನಲ್ಲಿ ಇರುತ್ತದೆ, ಪ್ರತಿವಾದಿಯು ಹರಕತ್ತು ಮಾಡಕೂಡದು’ ಎಂದು ಇರುವದು. ಕಾಗದವು ಇಂಗ್ಲಿಷಿನಲ್ಲಿದೆ, ರೈತನು ತೋರಿಸಿದಲ್ಲಿ ಸಹಿ ಮಾಡುವನು. ಮೂರು ವರ್ಷಗಳ ತರುವಾಯ ಕಟಕಟೆಯಲ್ಲಿ ನಿಂತಾಗ ಎದುರಿನ ವಕೀಲರು, ಈ ಹನ್ನೆರಡು ಗುಂಟೆಯನ್ನು ಯಾರು ಬಿತ್ತುತ್ತಾರೆಂದು ಕೇಳುವರು. ಸುಳ್ಳು ಹೇಳಲರಿಯದ ಆ ಮನುಷ್ಯನು, ‘ದಾವೆ ಹಾಕೂಕಿಂತ ಎರಡು ವರ್ಷ ಮೊದಲಿಂದನೂ ಅವರ ಬಿತ್ತಾಕತ್ತಾರ್ರೀ ಸಾಹೇಬ್ರ, ಅದಕ್ಕ ಅಲ್ಲೇನ್ರೀ ನಾ ಕೋರ್ಟಿಗೆ ಬಂದದ್ದು’ ಎನ್ನುವನು.

ಅಲ್ಲಿಗೆ ದಾವೆ ಮುಗಿಯಿತು. ದಾವೆ ಹೂಡಿದ ದಿನ ಕಬ್ಜಾ ಇಲ್ಲದವನಿಗೆ ಕಬ್ಜಾ ಕಾಯ್ದುಕೊಳ್ಳುವ ಮನಾಯಿ ಹುಕುಮು ಸಿಗಲಾರದು. ಅವನು ಕೇಳಬೇಕಾದದ್ದು ಜಮೀನನ್ನು ಮರಳಿ ತನ್ನ ಸ್ವಾಧೀನಕ್ಕೆ ಕೊಡಿಸಬೇಕೆಂದು. ಮಾಲಕಿ ಹಕ್ಕಿನ ಬಗ್ಗೆ ನಿಜವಾದ ಸಂಶಯವಿದ್ದಲ್ಲಿ ಹಕ್ಕಿನ ಘೋಷಣೆಯನ್ನೂ ಕೂಡಿಸಬೇಕಾಗಿದ್ದಿತು. ಬರಿಯ ಮನಾಯಿ ದಾವೆಯು ಯಾವಾಗ ಸಾಲದೆಂಬದನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಅನಾಥುಲ ಸುಧಾಕರ ಎಂಬವರ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಈಗ ಫಿರ್ಯಾದಿಯನ್ನು ತಿದ್ದಿಕೊಳ್ಳುವೆನೆಂದರೆ, ವಿಚಾರಣೆಯು ಆರಂಭವಾದ ಮೇಲೆ, ತಕ್ಕ ಎಚ್ಚರಿಕೆ ವಹಿಸಿದ್ದರೂ ಮೊದಲೇ ತಿದ್ದುವದು ಸಾಧ್ಯವಿರಲಿಲ್ಲವೆಂದು ಕೋರ್ಟಿಗೆ ಮನವರಿಕೆಯಾಗಬೇಕು; 2002ರಿಂದ ಜಾರಿಯಲ್ಲಿರುವ ನಿಬಂಧನೆಯಿದು. ಮೊದಲ ದಿನದಿಂದಲೂ ತನಗೆ ಗೊತ್ತಿದ್ದ ಸಂಗತಿಯನ್ನು ರೈತನು ಆಗ ಗೊತ್ತಿರಲಿಲ್ಲವೆಂದು ಹೇಗೆ ಹೇಳಿಯಾನು? ಹೊಸ ದಾವೆಯನ್ನು ಹೂಡಬಹುದೋ ಬಾರದೋ ಎಂಬದೇ ಹೊಸದೊಂದು ತಕರಾರಾಗುವದು. ಅವನ ಹಕ್ಕು ನಿಜವಾಗಿತ್ತು, ಅವನ ಮಾತು ನಿಜವಾಗಿತ್ತು. ಅವನ ಕಾಗದವು ಮಾತ್ರ ನಿಜವಾಗಿರಲಿಲ್ಲ.

ಇದಕ್ಕೆ ಕಾಯದೆಯು ಕಾರಣವೆ? ಅಲ್ಲ. ಲಿಖಿತ ವಾದದ ನಿಯಮಗಳು ಬಡವನನ್ನು ಕೆಡಹುವದಕ್ಕೆಂದು ಹೂಡಿದ ಹೂಟವಲ್ಲ. ಅವುಗಳನ್ನು ತಿಳಿದು ನೋಡಿದರೆ ಅವು ಸಾಮಾನ್ಯ ಮನುಷ್ಯನ ವಿವೇಕಕ್ಕೆ ಒಪ್ಪುವಂಥವೇ ಆಗಿವೆ. ವಾದಕ್ಕೆ ಆಧಾರವಾದ ಮುಖ್ಯ ಸಂಗತಿಗಳನ್ನು ಸಂಕ್ಷೇಪವಾಗಿ ಬರೆಯತಕ್ಕದ್ದು; ಅವುಗಳನ್ನು ಸಿದ್ಧಮಾಡುವ ಸಾಕ್ಷ್ಯವನ್ನು ಅಲ್ಲಿ ಬರೆಯತಕ್ಕದ್ದಲ್ಲ. ಸಂಗತಿಗಳನ್ನು ಅಂಕೆಗಳಿರುವ ಪರಿಚ್ಛೇದಗಳಲ್ಲಿ ವಿಂಗಡಿಸತಕ್ಕದ್ದು. ಮೋಸವಾಯಿತು, ಒತ್ತಾಯವಾಯಿತು ಎಂದು ಬರಿದೆ ಕೂಗಿದರೆ ಸಾಲದು. ಯಾರು, ಎಂದು, ಏನು ಮಾಡಿದರೆಂಬ ವಿವರವನ್ನು ಕೊಡತಕ್ಕದ್ದು. ಫಿರ್ಯಾದಿಯಲ್ಲಿ ಕೋರ್ಟಿನ ಹೆಸರು, ಉಭಯತರ ಹೆಸರು ವಿಳಾಸ, ದಾವೆಯ ಕಾರಣವೇನು ಮತ್ತು ಅದು ಎಂದು ಹುಟ್ಟಿತು, ಆ ಕೋರ್ಟಿಗೆ ಅಧಿಕಾರ ಹೇಗೆ ಬಂದಿತು, ಬೇಡಿಕೆಯೇನು, ದಾವೆಯ ಮೌಲ್ಯವೆಷ್ಟು ಎಂಬವು ಇರತಕ್ಕದ್ದು. ಸ್ಥಾವರ ಸ್ವತ್ತಾದರೆ ಅದನ್ನು ಗುರುತಿಸಲು ಸಾಕಾಗುವ ವರ್ಣನೆಯೂ, ಚಕ್ಕುಬಂದಿ ಅಥವಾ ಸರ್ವೇ ನಂಬರು ಇದ್ದಲ್ಲಿ ಅವುಗಳೂ ಬೇಕು. ಪಾಲಿನ ದಾವೆಯಾದರೆ ವಂಶಾವಳಿಯನ್ನು ಸರಿಯಾಗಿ ಕೊಟ್ಟು ಎಲ್ಲ ಪಾಲುದಾರರನ್ನೂ ಸೇರಿಸಬೇಕು. 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಪಾಲುದಾರಳಾಗಿರುವಳೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಖಚಿತಪಡಿಸಿದ ಮೇಲೂ ಅಕ್ಕತಂಗಿಯರ ಹೆಸರನ್ನು ಬಿಟ್ಟು ವಂಶಾವಳಿ ಬರೆಯುವವನು ತನ್ನ ದಾವೆಗೆ ತಾನೇ ತೂತು ಕೊರೆಯುವನು. ದಾವೆಯ ಕಾರಣವೇ ಇಲ್ಲದ, ಅಥವಾ ಕಾಲಮಿತಿಯೇ ಮೊದಲಾದ ಕಾಯದೆಯ ತಡೆಯು ಮೇಲ್ನೋಟಕ್ಕೇ ಕಾಣುವ ಫಿರ್ಯಾದಿಯನ್ನು ಏಳನೆಯ ಆದೇಶದ ಹನ್ನೊಂದನೆಯ ನಿಯಮದ ಮೇರೆಗೆ ಬಾಗಿಲಲ್ಲಿಯೇ ತಿರಸ್ಕರಿಸಬಹುದು.

ಪ್ರತಿವಾದಿಗೂ ಇಂಥವೇ ಕಟ್ಟುಗಳಿವೆ. ‘ಫಿರ್ಯಾದಿಯಲ್ಲಿಯ ಯಾವತ್ತೂ ಮಜಕೂರು ಸುಳ್ಳು’ ಎಂದು ಒಂದೇ ಉಸಿರಿನಲ್ಲಿ ಹೇಳಿ ಕೈತೊಳೆದುಕೊಂಡರೆ ಕೈಫಿಯತ್ತು ಆಗುವದಿಲ್ಲ. ತಾನು ಒಪ್ಪದ ಒಂದೊಂದು ಸಂಗತಿಯನ್ನೂ ಬೇರೆ ಬೇರೆಯಾಗಿ ಅಲ್ಲಗಳೆಯಬೇಕು. ಅಲ್ಲಗಳೆಯದೆ ಬಿಟ್ಟದ್ದನ್ನು ಒಪ್ಪಿದಂತೆಯೇ ಎಣಿಸಬಹುದು. ಐವತ್ತು ಸಾವಿರ ರೂಪಾಯಿ ಸಾಲ ತೆಗೆದುಕೊಂಡನೆಂದು ವಾದಿಯು ಬರೆದಾಗ ‘ನಾನು ಐವತ್ತು ಸಾವಿರ ತೆಗೆದುಕೊಂಡಿಲ್ಲ’ ಎಂಬದು ಉತ್ತರವಲ್ಲ, ಜಾರಿಕೆ. ಒಂದು ಪೈಯನ್ನೂ ತೆಗೆದುಕೊಂಡಿಲ್ಲವೆನ್ನಬೇಕು, ಇಲ್ಲವೆ ತೆಗೆದುಕೊಂಡದ್ದು ಇಷ್ಟೆನ್ನಬೇಕು. ಸಮನ್ಸು ತಲುಪಿದ ಮೂವತ್ತು ದಿನಗಳಲ್ಲಿ ಕೈಫಿಯತ್ತು ಕೊಡಬೇಕು. ಕೋರ್ಟು ಕಾರಣಗಳನ್ನು ಬರೆದಿಟ್ಟು ತೊಂಬತ್ತು ದಿನಗಳವರೆಗೆ ಅವಕಾಶ ಕೊಡಬಹುದು. ಅದರ ಮುಂದೆಯೂ ವಿಶೇಷ ಸಂದರ್ಭಗಳಲ್ಲಿ ದಯೆ ತೋರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಹೇಳಿದೆಯಾದರೂ ಅದು ರೂಢಿಯಾಗತಕ್ಕದ್ದಲ್ಲವೆಂದೂ ಹೇಳಿದೆ. ಸುಗ್ಗಿ ಮುಗಿಯಲಿ, ಎಲ್ಲಮ್ಮನ ಜಾತ್ರೆ ಆಗಲಿ, ಆಮೇಲೆ ವಕೀಲರನ್ನು ಕಂಡರಾಯಿತು ಎಂದು ಸಮನ್ಸಿನ ಕಾಗದವನ್ನು ಜಂತಿಗೆ ಸಿಕ್ಕಿಸಿ ಇಡುವವರು ಈ ದಿನಗಳನ್ನು ಬೆರಳು ಮಡಿಸಿ ಎಣಿಸಬೇಕು.

ಈ ನಿಯಮಗಳೆಲ್ಲ ಇಂಗ್ಲಿಷರು ಹಡಗಿನಲ್ಲಿ ಹೊತ್ತು ತಂದವೆಂದು ನಂಬುವವರು ನಮ್ಮಲ್ಲಿ ಬಹಳ. ಸಂಹಿತೆಯ ಇಂದಿನ ರೂಪವು ಅವರ ಕಾಲದ್ದೆಂಬದು ನಿಜ: 1859ರಲ್ಲಿ ಮೊದಲನೆಯದು, 1877ರಲ್ಲಿಯೂ 1882ರಲ್ಲಿಯೂ ಮತ್ತೆ ರಚಿತವಾದದ್ದು, ಕಡೆಗೆ 1909ರ ಜನವರಿ 1ರಿಂದ ಜಾರಿಗೆ ಬಂದ ಇಂದಿನದು. ಆದರೆ ಇದರ ತಿರುಳು ನಮ್ಮ ಕನ್ನಡ ನೆಲದಲ್ಲಿಯೇ ಒಂಬತ್ತು ಶತಮಾನಗಳ ಹಿಂದೆ ಬರೆಯಲ್ಪಟ್ಟಿದೆಯೆಂಬದನ್ನು ಎಷ್ಟು ಜನ ಬಲ್ಲರು? ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಇಂದಿನ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ವ್ಯವಹಾರಕ್ಕೆ ನಾಲ್ಕು ಪಾದಗಳು: ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ. ಭಾಷೆಯೆಂದರೆ ಫಿರ್ಯಾದಿ, ಉತ್ತರವೆಂದರೆ ಕೈಫಿಯತ್ತು, ಕ್ರಿಯೆಯೆಂದರೆ ಸಾಕ್ಷ್ಯ, ಸಾಧ್ಯಸಿದ್ಧಿಯೆಂದರೆ ಫಲಿತ. ವಾದಿಯು ಹೇಳಿದ್ದನ್ನು ಪ್ರತಿವಾದಿಯ ಸಮಕ್ಷಮದಲ್ಲಿ ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ ಮೊದಲಾದವುಗಳೊಡನೆ ಬರೆದುಕೊಳ್ಳಬೇಕೆಂದು ಅಲ್ಲಿ ವಿಧಿಸಿದೆ.

ಉತ್ತರವಾದರೂ ನಾಲ್ಕು ಬಗೆ: ಹೌದೆಂದು ಒಪ್ಪುವದು, ಇಲ್ಲವೆಂದು ಅಲ್ಲಗಳೆಯುವದು, ಸಾಲ ತೆಗೆದುಕೊಂಡದ್ದು ನಿಜ, ಆದರೆ ತೀರಿಸಿದ್ದೇನೆ ಎಂಬಂತೆ ಒಪ್ಪಿ ಕಾರಣ ಹೇಳುವದು, ಇದೇ ವಿಷಯದಲ್ಲಿ ಹಿಂದೆಯೇ ಸೋತವನು ನೀನು ಎಂದು ಹಿಂದಿನ ನ್ಯಾಯವನ್ನು ತೋರಿಸುವದು. ಇಂದಿನ ಕೈಫಿಯತ್ತುಗಳನ್ನು ತೆರೆದು ನೋಡಿದರೆ ಅವುಗಳ ಮುಖ್ಯ ಉತ್ತರಗಳೂ ಈ ನಾಲ್ಕರಲ್ಲಿ ಒಂದಕ್ಕೆ ಬಂದು ನಿಲ್ಲುವವು. ಎಂಥ ಫಿರ್ಯಾದಿಯನ್ನು ತೆಗೆದುಕೊಳ್ಳಬಾರದೆಂಬದಕ್ಕೂ ಮಿತಾಕ್ಷರೆಯಲ್ಲಿ ನಗೆ ತರಿಸುವ ದೃಷ್ಟಾಂತಗಳಿವೆ. ನನ್ನ ಮೊಲದ ಕೊಂಬನ್ನು ಒಯ್ದು ಕೊಡಲೊಲ್ಲನು ಎಂಬ ಫಿರ್ಯಾದಿ ಲೋಕದಲ್ಲಿ ಇಲ್ಲದ್ದು. ನನ್ನ ಮನೆಯ ದೀಪದ ಬೆಳಕಿನಲ್ಲಿ ಅವನು ತನ್ನ ಮನೆಯ ಕೆಲಸ ಮಾಡಿಕೊಳ್ಳುತ್ತಾನೆ ಎಂಬ ಫಿರ್ಯಾದಿಯಲ್ಲಿ ಬಾಧೆಯೇ ಇಲ್ಲ. ಮೂಕನು ನನ್ನನ್ನು ಬೈದನು ಎಂಬ ಫಿರ್ಯಾದಿ ತನಗೆ ತಾನೇ ವಿರುದ್ಧ. ಏಳನೆಯ ಆದೇಶದ ಹನ್ನೊಂದನೆಯ ನಿಯಮವನ್ನು ಇದಕ್ಕಿಂತ ಸುಲಭವಾಗಿ ಹಳ್ಳಿಯವನಿಗೆ ತಿಳಿಸಿ ಹೇಳುವ ಬಗೆಯನ್ನು ನಾವು ಕಾಣೆವು. ನಮ್ಮ ಧರ್ಮಶಾಸ್ತ್ರಕಾರರು ವಾದವನ್ನು ಮೊದಲು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತಿದ್ದಿ ಆಮೇಲೆ ಪತ್ರಕ್ಕೆ ಇಳಿಸಬೇಕೆಂದರು. ಪ್ರತಿವಾದಿಯ ಉತ್ತರ ಬರುವ ವರೆಗೆ ತಿದ್ದಬಹುದೆಂದರು. ಹಲಗೆಯ ಮೇಲಿನ ಬರಹವನ್ನು ಸಭೆಯಲ್ಲಿ ಓದದೆ ತಿದ್ದುವದು ಹೇಗೆ? ಆದ್ದರಿಂದ ವಾದಿಯು ತನ್ನ ವಾದವನ್ನು ತಾನು ಕೇಳಿ ತಿಳಿದು ಒಪ್ಪಬೇಕೆಂಬದೇ ಆ ಪದ್ಧತಿಯ ಜೀವಾಳವಾಗಿದ್ದಿತು.

ಎದುರಾಳಿಗೆ ಆರೋಪವನ್ನು ಬರೆದು ತಿಳಿಸಿ ಉತ್ತರ ಕೇಳುವ ಈ ಪದ್ಧತಿಯು ಇಲ್ಲದಿದ್ದರೆ ಏನಾಗುವದೆಂಬದಕ್ಕೆ ಸವದತ್ತಿಯ ನೆರೆಯ ಕಿತ್ತೂರೇ ನಿದರ್ಶನ. ದೇಸಾಯಿ ಶಿವಲಿಂಗರುದ್ರಸರ್ಜನು 1824ರ ಸಪ್ಟಂಬರದಲ್ಲಿ ತೀರಿಕೊಂಡಾಗ, ಅವನು ದತ್ತಕ ತೆಗೆದುಕೊಂಡ ವರ್ತಮಾನದ ಪತ್ರವನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಶಂಕಿಸಿದನು. ಅದರ ಸಹಿಯೇ ನಿಜವಲ್ಲವೆಂಬ ತರ್ಕವನ್ನು ಹೂಡಿದನು. ಸಹಿಯು ಸಂಶಯಾಸ್ಪದವಾದರೆ ಅದನ್ನು ವಿವರವಾಗಿ ಬರೆದು, ಎದುರು ಪಕ್ಷದ ಉತ್ತರವನ್ನು ತೆಗೆದುಕೊಂಡು, ಮೂರನೆಯವನಾದ ನ್ಯಾಯಾಧೀಶನ ಮುಂದೆ ಇಡುವದು ನ್ಯಾಯದ ಮಾರ್ಗ. ಅಲ್ಲಿಯಾದರೋ ಶಂಕಿಸಿದವರೂ ತನಿಖೆ ಮಾಡಿದವರೂ ನಿರ್ಣಯಿಸಿದವರೂ ಒಂದೇ ಸರಕಾರದವರು. ರಾಣಿ ಚನ್ನಮ್ಮನ ಮಾತನ್ನು ಕೇಳುವ ಕೋರ್ಟು ಇರಲಿಲ್ಲ. 1824ರ ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ಅದಕ್ಕೆ ಉತ್ತರ ಸಿಕ್ಕಿತು, ಥ್ಯಾಕರೆಯೇ ಆ ದಿನ ಮಡಿದನು. ಫಿರ್ಯಾದಿಗೆ ಪ್ರತಿಯಾಗಿ ಕೈಫಿಯತ್ತು ಕೊಡುವ ಹಕ್ಕು ಸಣ್ಣ ಹಕ್ಕಲ್ಲವೆಂದು ತಿಳಿಯಲು ಈ ಇತಿಹಾಸವನ್ನು ನೆನೆಸಿದೆವು. ಆ ಹಕ್ಕು ಈಗ ಬಡವನಿಗೂ ಇದೆ. ಆದರೆ ಅರ್ಥವಾಗದ ಭಾಷೆಯಲ್ಲಿರುವ ಆರೋಪಕ್ಕೆ ಅರ್ಥವಾಗದ ಭಾಷೆಯಲ್ಲಿ ಉತ್ತರ ಕೊಡುವವನಿಗೆ ಆ ಹಕ್ಕು ಎಷ್ಟರ ಮಟ್ಟಿಗೆ ಸಂದಂತಾಯಿತು?

ಇದೇ ನಮ್ಮ ಮುಖ್ಯ ಮಾತು. ನಮ್ಮ ಭಾಗದ ಕಚೇರಿಗಳ ಭಾಷೆಯು ಎಷ್ಟು ಸಲ ಕೈ ಬದಲಿಸಿತು! ಮುಂಬಯಿ ಸರಕಾರದ ಆರಂಭದ ವರ್ಷಗಳಲ್ಲಿ ದಫ್ತರಗಳು ಮರಾಠಿಯಲ್ಲಿದ್ದವು. ಫಿರ್ಯಾದಿ, ಕೈಫಿಯತ್ತು, ಮುದ್ದೆ ಎಂಬ ಮಾತುಗಳೂ ಆ ದಾರಿಯಿಂದ ನಮ್ಮಲ್ಲಿ ಬಳಕೆಗೆ ಬಂದು ಬೇರೂರಿದವು. ಆಮೇಲೆ ಇಂಗ್ಲಿಷು ಮೇಲೇರಿತು. ರೈತನು ಮಾತ್ರ ಅಂದಿನಿಂದ ಇಂದಿನ ವರೆಗೆ ಕನ್ನಡದಲ್ಲಿಯೇ ಉತ್ತು ಬಿತ್ತಿ ಜಗಳಾಡಿದ್ದಾನೆ. ಈಗ ಕೆಳಗಿನ ಕೋರ್ಟುಗಳ ಭಾಷೆ ಕನ್ನಡವೆಂದು ನಮ್ಮ ರಾಜ್ಯದ ಸರಕಾರವು ಗೊತ್ತುಪಡಿಸಿದೆ. ಕನ್ನಡದಲ್ಲಿ ಕಾಗದ ಬರೆಯುವ ವಕೀಲರೂ ಕನ್ನಡದಲ್ಲಿ ತೀರ್ಪು ಕೊಡುವ ನ್ಯಾಯಾಧೀಶರೂ ಇದ್ದಾರೆ. ಅವರಿಗೆ ನಮ್ಮ ವಂದನೆ. ಆದರೂ ಹಲವು ಕಡೆಗಳಲ್ಲಿ ಫಿರ್ಯಾದಿ ಕೈಫಿಯತ್ತುಗಳು ಇನ್ನೂ ಇಂಗ್ಲಿಷಿನಲ್ಲಿಯೇ ಹೋಗುತ್ತವೆ. ಸಂಹಿತೆಯ 137ನೆಯ ಕಲಮು ಇಂಗ್ಲಿಷಿನಲ್ಲಿ ಬರೆಯಲು ಆಸ್ಪದ ಕೊಡುವದು ನಿಜ. ಅದೇ ಕಲಮಿನ ಉತ್ತರಾರ್ಧವನ್ನು ಬಲ್ಲ ಪಕ್ಷಕಾರರು ಎಷ್ಟು ಜನ? ಪಕ್ಷಕಾರನಿಗಾಗಲಿ ಅವನ ವಕೀಲರಿಗಾಗಲಿ ಇಂಗ್ಲಿಷು ಬಾರದೆ ಇದ್ದಲ್ಲಿ, ಬೇಡಿಕೊಂಡರೆ, ಆ ಬರಹದ ತರ್ಜುಮೆಯನ್ನು ಕೋರ್ಟಿನ ಭಾಷೆಯಲ್ಲಿ ಅವರಿಗೆ ಒದಗಿಸತಕ್ಕದ್ದು. ಅದರ ಖರ್ಚಿನ ಬಗ್ಗೆ ಕೋರ್ಟು ತಕ್ಕ ಆದೇಶ ಮಾಡತಕ್ಕದ್ದು. ಅಂದರೆ ಸಮನ್ಸಿನ ಸಂಗಡ ಇಂಗ್ಲಿಷ ಫಿರ್ಯಾದಿ ಬಂದರೆ ಅದರ ಕನ್ನಡ ರೂಪವನ್ನು ಕೇಳುವ ಹಕ್ಕು ಪ್ರತಿವಾದಿಗೆ ಇದೆ. ಆದರೆ ಇದು ಕೇಳಿದವನಿಗೆ ಸಿಗುವ ಹಕ್ಕು. ಕೇಳದವನಿಗೆ ಅದು ಇದ್ದೂ ಇಲ್ಲದಂತೆಯೇ.

ಇನ್ನೊಂದು ಮಾತು ಇದಕ್ಕಿಂತ ಗಂಭೀರವಾಗಿದೆ. ಪ್ರತಿಯೊಂದು ಫಿರ್ಯಾದಿಯ ಕೊನೆಯಲ್ಲಿಯೂ ಪಕ್ಷಕಾರನು ಸತ್ಯಾಪನೆ ಮಾಡುವನು: ಇಂತಿಂಥ ಪರಿಚ್ಛೇದಗಳು ನನ್ನ ಸ್ವಂತ ತಿಳಿವಳಿಕೆಯಿಂದ ನಿಜ, ಇಂತಿಂಥವು ಬೇರೆಯವರಿಂದ ತಿಳಿದು ನಿಜವೆಂದು ನಂಬಿದ್ದೇನೆ ಎಂದು. ಅದಕ್ಕೆ ಪ್ರಮಾಣಪತ್ರವನ್ನೂ ಜೋಡಿಸತಕ್ಕದ್ದೆಂದು 2002ರಿಂದ ನಿಯಮವಾಗಿದೆ. ಸುಳ್ಳೆಂದು ತಿಳಿದು ಸತ್ಯಾಪಿಸುವದು ದಂಡನೀಯ ಅಪರಾಧ. ಏನು ಬರೆದಿದೆಯೆಂದು ತಿಳಿಯದವನು ‘ಇದು ನನ್ನ ಸ್ವಂತ ತಿಳಿವಳಿಕೆಯಿಂದ ನಿಜ’ ಎಂದು ಪ್ರಮಾಣ ಮಾಡುವದಕ್ಕಿಂತ ಹೆಚ್ಚಿನ ವಿಪರೀತ ಯಾವದು? ದೇವರ ಗುಡಿಯ ಗಂಟೆ ಮುಟ್ಟಿ ಸುಳ್ಳು ಹೇಳಲು ಹೆದರುವ ನಮ್ಮ ಜನರು ಅರಿಯದೆಯೇ ಸುಳ್ಳು ಪ್ರಮಾಣದ ಕೆಳಗೆ ಹೆಬ್ಬೆಟ್ಟು ಒತ್ತುವರು. ಇದರ ಪಾಪವು ಹೆಬ್ಬೆಟ್ಟಿನವನಿಗಿಂತ ಹೆಚ್ಚಾಗಿ ಓದಿ ಹೇಳದವನಿಗೆ ತಗಲುವದೆಂದು ನಾವು ನಿರ್ದಾಕ್ಷಿಣ್ಯವಾಗಿ ಹೇಳುವೆವು.

ವಕೀಲ ಬಂಧುಗಳು ಕೆಲವು ಆಕ್ಷೇಪಗಳನ್ನು ತರುವರು. ಅವು ಬರಿಯ ನೆವಗಳಲ್ಲ. ಕಾಯದೆಗಳೂ ತೀರ್ಪುಗಳೂ ಇಂಗ್ಲಿಷಿನಲ್ಲಿವೆ. ಸಂವಿಧಾನದ 348ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯದ ಭಾಷೆ ಸಾಮಾನ್ಯವಾಗಿ ಇಂಗ್ಲಿಷೇ. ಅಪೀಲು ಧಾರವಾಡಕ್ಕೆ ಹೋದರೆ ಎಲ್ಲವನ್ನೂ ತರ್ಜುಮೆ ಮಾಡಬೇಕಾಗುವದು ಎಂದು ಅವರ ಮಾತು. ನಿಜ. ಆದರೆ ಹೂಡಿದ ದಾವೆಗಳೆಲ್ಲ ಉಚ್ಚ ನ್ಯಾಯಾಲಯದ ವರೆಗೆ ಹೋಗುವದಿಲ್ಲ. ಹೋಗುವ ಕೆಲವಕ್ಕಾಗಿ ಹೋಗದ ಹಲವನ್ನು ಪರಭಾಷೆಯಲ್ಲಿ ಬರೆಯುವದು, ಒಬ್ಬ ಅತಿಥಿಗಾಗಿ ಮನೆಯವರೆಲ್ಲರೂ ಉಪವಾಸವಿದ್ದಂತೆ. ಸಾಕ್ಷಿಯು ಕನ್ನಡದಲ್ಲಿ ನುಡಿಯುವನು, ದಸ್ತಾವೇಜುಗಳು ಕನ್ನಡದಲ್ಲಿವೆ, ಉತಾರವು ಕನ್ನಡದಲ್ಲಿದೆ. ಇವೆಲ್ಲವನ್ನೂ ಅಪೀಲಿಗೆ ಹೇಗೂ ತರ್ಜುಮೆ ಮಾಡಲೇಬೇಕು. ಅವುಗಳ ಸಂಗಡ ನಾಲ್ಕು ಹಾಳೆಯ ಫಿರ್ಯಾದಿಯೂ ಸೇರಿದರೆ ಭಾರವೇನು ಹೆಚ್ಚಿತು?

ಎರಡನೆಯ ಆಕ್ಷೇಪ: ಕನ್ನಡದಲ್ಲಿ ಖಚಿತತೆ ಬಾರದು ಎಂಬದು. ಮಿತಾಕ್ಷರೆಯನ್ನು ಪಡೆದ ನಾಡಿನಲ್ಲಿ, ಸಾವಿರಾರು ದಾನಶಾಸನಗಳಲ್ಲಿ ಎಲ್ಲೆಯ ಗುಡ್ಡ, ಗಿಡ, ಹಳ್ಳ, ನಟ್ಟ ಕಲ್ಲುಗಳನ್ನು ಒಂದೂ ಬಿಡದೆ ಕೆತ್ತಿಸಿದ ನಾಡಿನಲ್ಲಿ, ಹೊಲದ ಚಕ್ಕುಬಂದಿಯನ್ನು ಹೇಳಲು ಮಾತು ಸಾಲದೆಂದರೆ ಯಾರು ನಂಬುವರು? ಆದರೆ ಒಂದನ್ನು ಒಪ್ಪಬೇಕು: ಕನ್ನಡ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಕಾಗದವು ತಿಳಿಯುವಂಥದಾಗುವದಿಲ್ಲ. ಪುಟದ ಮೇಲೆ ಪುಟ ಪೂರ್ಣವಿರಾಮವಿಲ್ಲದೆ ‘ಸದರಹು’, ‘ಮಜಕೂರ’ಗಳ ಸರಮಾಲೆಯಾಗಿ ಹರಿಯುವ ಕನ್ನಡ ಫಿರ್ಯಾದಿಗಳೂ ಇವೆ. ಅವು ಇಂಗ್ಲಿಷಿನಷ್ಟೇ ರೈತನಿಗೆ ದೂರ. ನಾವು ಕೇಳುವದು ಲಿಪಿಯನ್ನಲ್ಲ, ತಿಳಿವನ್ನು.

ಕೋರ್ಟುಗಳು ಕಾಗದದ ತಪ್ಪನ್ನೇ ಹಿಡಿದು ನ್ಯಾಯವನ್ನು ಕೊಲ್ಲುತ್ತವೆಂದು ಹೇಳುವದೂ ಅನ್ಯಾಯ. ಲಿಖಿತ ವಾದಗಳು ಸಡಿಲಾಗಿ ಬರೆಯಲ್ಪಡುವದು ಉಂಟು, ಕ್ಷುಲ್ಲಕ ಕಾರಣಕ್ಕೆ ನಿಜವಾದ ಹಕ್ಕು ಕೆಡುವಂತೆ ಅವುಗಳನ್ನು ಜರಡಿ ಹಿಡಿಯಬಾರದೆಂದು ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ಹೇಳಿದೆ. ಮೊದಲನೆಯ ವಿಚಾರಣೆಯಲ್ಲಿ ಪಕ್ಷಕಾರರು ಎದುರಿನವರ ಯಾವ ಯಾವ ಸಂಗತಿಗಳನ್ನು ಒಪ್ಪುವರು, ಯಾವವನ್ನು ಒಪ್ಪರು ಎಂಬದನ್ನು ಕೋರ್ಟು ತಾನೇ ಕೇಳಿ ತಿಳಿದುಕ್ಕೊಳ್ಳತಕ್ಕದ್ದೆಂದು ಹತ್ತನೆಯ ಆದೇಶವಿದೆ. ಆ ಒಂದು ನಿಯಮವು ಮನಃಪೂರ್ವಕವಾಗಿ ನಡೆದರೆ, ನಾವು ಮೇಲೆ ಕಲ್ಪಿಸಿದ ರೈತನ ಬಾಯಿಂದ ಆ ಹನ್ನೆರಡು ಗುಂಟೆಯ ನಿಜವು ಮೂರು ವರ್ಷಗಳ ತರುವಾಯವಲ್ಲ, ಮೊದಲನೆಯ ತಿಂಗಳಲ್ಲಿಯೇ ಹೊರಬರುವದು. ಆಗ ತಿದ್ದಲು ದಾರಿಯೂ ಇರುವದು. ರಾಶಿ ರಾಶಿ ಕಡತಗಳ ನಡುವೆ ಕುಳಿತ ನ್ಯಾಯಾಧೀಶರಿಗೆ ವೇಳೆಯಿಲ್ಲವೆಂಬದನ್ನು ಬಲ್ಲೆವು. ಮೊದಲು ಉಳಿಸಿದ ಅರ್ಧ ತಾಸು ಕಡೆಗೆ ವರ್ಷಗಳನ್ನು ತಿನ್ನುವದೆಂಬದನ್ನು ಅವರೂ ಬಲ್ಲರು.

ಹಾಗಾದರೆ ಏನು ಮಾಡಬೇಕು? ಪಕ್ಷಕಾರನು ಮೊದಲು ತನ್ನ ಕರ್ತವ್ಯವನ್ನು ಮಾಡಲಿ. ಬರಿಯ ಕಾಗದಕ್ಕೆ ಸಹಿ ಹಾಕಬಾರದು. ಬರೆದ ಕಾಗದವನ್ನು ಕನ್ನಡದಲ್ಲಿ ಓದಿಸಿ ಕೇಳದೆ ಸಹಿ ಹಾಕಬಾರದು. ಎಲ್ಲಿ ತನ್ನ ಮಾತು ಬೇರೆ, ಕಾಗದದ ಮಾತು ಬೇರೆ ಎಂದು ಕಂಡಿತೋ ಅಲ್ಲಿ ‘ಹಂಗಲ್ರೀ, ಹಿಂಗ’ ಎಂದು ನಾಚದೆ ಹೇಳಬೇಕು. ತನ್ನ ವಕೀಲರಿಂದ ನಿಜವನ್ನು ಬಚ್ಚಿಡಬಾರದು. ವಕೀಲರಿಗೆ ಹೇಳಿದ ಸುಳ್ಳು ಕಾಗದಕ್ಕೆ ಇಳಿದು ಪಾಟೀ ಸವಾಲಿನಲ್ಲಿ ತನ್ನ ಮೇಲೆಯೇ ತಿರುಗುವದು. ಕೊಟ್ಟ ಕಾಗದದ ಒಂದು ನಕಲು ಮನೆಯಲ್ಲಿರಲಿ. ಊರಿನಲ್ಲಿ ಶಾಲೆ ಕಲಿತ ಮಗನೋ ಮಗಳೋ ಅದನ್ನು ಮನೆಯವರೆದುರು ಓದಲಿ. ವಕೀಲರ ಫೀ ಕೊಡಲಾರದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಲಿ. 1987ರ ಕಾಯದೆಯ ಮೇರೆಗೆ ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಅವರ ಆದಾಯವನ್ನು ನೋಡದೆ ಉಚಿತ ನೆರವು ಸಲ್ಲುತ್ತದೆ.

ವಕೀಲ ಸಂಘಗಳು ತಮ್ಮೊಳಗೆ ಒಂದು ಕಟ್ಟು ಮಾಡಿಕೊಳ್ಳಲಿ: ‘ಈ ಕಾಗದವನ್ನು ಪಕ್ಷಕಾರರಿಗೆ ಕನ್ನಡದಲ್ಲಿ ಓದಿ ತಿಳಿಸಿದ್ದೇನೆ’ ಎಂಬ ಒಂದು ಸಾಲನ್ನು ತಮ್ಮ ಸಹಿಯೊಡನೆ ಬರೆಯುವದು. ಸಂಹಿತೆಯ ಕೊನೆಗೆ ಲಿಖಿತ ವಾದಗಳ ಮಾದರಿ ನಮೂನೆಗಳನ್ನು ಜೋಡಿಸಿರುವರು. ಕಾಯದೆ ಮಹಾವಿದ್ಯಾಲಯಗಳು ಅವುಗಳನ್ನು ನಮ್ಮ ಹೊಲದ ಬದು, ಪಾಲು, ಸಾಲ, ದಾರಿ, ನೀರಿನ ಜಗಳಗಳಿಗೆ ಹೊಂದಿಸಿ, ಚಿಕ್ಕ ಚಿಕ್ಕ ವಾಕ್ಯಗಳ ಶುದ್ಧ ಕನ್ನಡದಲ್ಲಿ ಬರೆದು ಪ್ರಕಟಿಸಲಿ. ಗುಮಾಸ್ತನ ಹಳೆಯ ಮಾದರಿಯ ಜಾಗದಲ್ಲಿ ಅವು ಬಂದು ಕೂತರೆ ಅರ್ಧ ಕೆಲಸವಾದಂತೆ.

1920ರ ಅಸಹಕಾರದ ದಿನಗಳಲ್ಲಿ ದೇಶಭಕ್ತ ವಕೀಲರು ಕೋರ್ಟುಗಳನ್ನು ತೊರೆದರು, ಯಾಕಂದರೆ ಅವು ಪರರ ಕೋರ್ಟುಗಳಾಗಿದ್ದವು. ಇಂದು ಅವು ನಮ್ಮವು. ತೊರೆಯುವ ಮಾತಿಲ್ಲ, ನಮ್ಮವನ್ನಾಗಿ ಮಾಡಿಕೊಳ್ಳುವ ಮಾತು ಮಾತ್ರ ಉಳಿದಿದೆ. ರಾಜ್ಯವು ನಮ್ಮದಾದ ಮೇಲೆಯೂ, ನಾಡು ಒಂದಾದ ಮೇಲೆಯೂ, ಸಿರಸಂಗಿಯ ರೈತನು ತನ್ನ ಹೊಲದ ಕಥೆಯನ್ನು ತಾನೇ ಓದಲಾರದೆ ಸವದತ್ತಿಯ ಕೋರ್ಟಿನ ಅಂಗಳದಲ್ಲಿ ನಿಲ್ಲುವದು ನಮಗೆ ಭೂಷಣವಲ್ಲ. ಅವನ ದಾವೆಯು ಗೆಲ್ಲಲಿ, ಸೋಲಲಿ. ಅದು ಅವನ ಸಂಗತಿಗಳ ಸತ್ಯಾಸತ್ಯತೆಯ ಮೇಲೆ ಆಗಲಿ. ಅಷ್ಟನ್ನು ಮಾಡಿಕೊಡುವದು ವಕೀಲರಿಗೂ ನ್ಯಾಯಾಧೀಶರಿಗೂ ಸರಕಾರಕ್ಕೂ ಅಸಾಧ್ಯವಾದದ್ದಲ್ಲ, ಹೊಸ ಕಾಯದೆಯೂ ಅದಕ್ಕೆ ಬೇಡ. ಇದ್ದ ಕಾಯದೆಯನ್ನು ಇದ್ದಂತೆ ನಡೆಸಿದರೆ ಸಾಕು.